ಕಲ್ಲಿಗೂ ಒಂದು ಸುಳಿ

ಎತ್ತಿನ ಮೈಮೇಲೆ ಸುಳಿ ಹುಡುಕುವುದರಲ್ಲಿ ನನ್ನನ್ನು ಮೀರಿಸುವ ದಲ್ಲಾಳಿ ಜೇವರ್ಗಿ ಸಂತೆಯಲ್ಲಿ ಇರಲಿಲ್ಲ. ಕೂದಲು ಎಲ್ಲಿ ಸುತ್ತಿಕೊಂಡಿದೆ ಎಂಬುದರ ಮೇಲೆ ಮನೆಯ ಏಳುಬೀಳು ನಿಂತಿದೆಯೆಂದು ರೈತರು ನಂಬುತ್ತಾರೆ. ನಾನು ನಂಬುವುದು ಇಷ್ಟೇ: ಸುಳಿ ಕೆಟ್ಟಿದೆ ಎಂದರೆ ಬೆಲೆ ಇಳಿಯುತ್ತದೆ. ಎತ್ತು ಕೊಳ್ಳುವವರಿಗೆ ನನ್ನ ಸಲಹೆ, ಸುಳಿ ಆಮೇಲೆ, ಮೊದಲು ಗೊರಸು ನೋಡಿ.

ನಲವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ನೆಲೋಗಿಯ ಮಲ್ಲಣ್ಣ ಕುಂಟೆ ಹೊಡೆಯುತ್ತಿದ್ದಾಗ ಹಾಡಹಗಲೇ ಆಕಾಶ ಗುಡುಗಿತು. ಮೋಡವಿಲ್ಲ. ಯುದ್ಧದ ಭೀತಿಯಿದ್ದ ಆ ವರ್ಷ ಮೇಲೆ ಏನು ಸದ್ದಾದರೂ ಜನ ವಿಮಾನ ಹುಡುಕುತ್ತಿದ್ದರು. ಬಿದ್ದದ್ದು ಮಾತ್ರ ಒಂದು ಕಲ್ಲು, ಎತ್ತುಗಳಿಂದ ಮೊಳದಷ್ಟು ಆಚೆಗೆ. ಬಲಗಡೆಯ ಎತ್ತಿನ ಬೆನ್ನ ಸುಳಿಯೇ ಅದನ್ನು ಎಳೆದು ತಂದಿತೆಂದು ಊರು ತೀರ್ಮಾನಿಸಿತು. ಬಿತ್ತನೆ ಎದುರಿಗಿತ್ತು, ಮಲ್ಲಣ್ಣನಿಗಿದ್ದದ್ದು ಅದೊಂದೇ ಜೋಡಿ. ಆದರೂ ಮಾರಲು ನಿಂತ. ಇಂಥ ಸುದ್ದಿಗೆ ನನ್ನ ಕಾಲುಗಳು ತಾವಾಗಿಯೇ ಓಡುತ್ತವೆ.

"ಎಷ್ಟಕ್ಕರ ಹೊಡ್ಕೊಂಡು ಹೋಗ್ರಿ, ಸಾವ್ಕಾರ್ರ," ಎಂದ.

ಅವನ ಹೆಂಡತಿ ಗೌರಮ್ಮ ಒಳಗಿನಿಂದಲೇ, "ನೀವರ ಹೇಳ್ರಿ ಅಣ್ಣಾರ! ಸುಳಿ ಕೆಟ್ಟಿದ್ರ ಕಲ್ಲು ಇವರ ತಲಿ ಮ್ಯಾಲ ಬೀಳ್ತಿದ್ದಿಲ್ಲೇನ್ರಿ? ಇನ್ನಾ ಆರಾಮ ರೊಟ್ಟಿ ತಿನ್ನಾಕತ್ತಾರ!" ಎನ್ನುತ್ತ ಬಂದು ಆ ಕಲ್ಲನ್ನು ನನ್ನ ಕೈಗಿತ್ತಳು.

ಗಾತ್ರ ತೆಂಗಿನಕಾಯಿಯದು, ಭಾರ ಕಬ್ಬಿಣದ್ದು. ರೊಟ್ಟಿಯ ಹಂಚಿನಂಥ ಕಪ್ಪು. ಹಸಿ ಹಿಟ್ಟಿಗೆ ಯಾರೋ ಹೆಬ್ಬೆರಳು ಒತ್ತಿದಂತೆ ಮೈತುಂಬ ಕುಳಿಗಳು. ಶಲ್ಯದ ಮರೆಯಲ್ಲಿ ಬೆರಳು ಒತ್ತಿ ಬೆಲೆ ಹೇಳುವುದು ನಮ್ಮ ಕಸುಬು. ಇಲ್ಲಿ ಬೆರಳು ಒತ್ತಿದವರು ಯಾರು, ಯಾವ ಬೆಲೆಗೆ? ನನ್ನ ಹೆಬ್ಬೆರಳು ಒಂದು ಕುಳಿಯಲ್ಲಿ ಸರಿಯಾಗಿ ಕೂತಿತು. ಈ ನೆಲ ನೆಲವಾಗುವುದಕ್ಕೂ ಮೊದಲಿನ ಕಲ್ಲುಗಳಿವು ಎಂದು ಆಳಂದದ ಮಾಸ್ತರರೊಬ್ಬರು ಮುಂದೆ ಹೇಳಿದರು. ಅಷ್ಟು ಕಾಲ, ಅಷ್ಟು ದೂರ ಅಲೆದು ಬಂದದ್ದು, ಒಂದೇ ಮೊಳದಲ್ಲಿ ಎತ್ತುಗಳಿಗೆ ತಗಲದೆ ತಪ್ಪಿತ್ತು.

"ಹುಚ್ಚೇನೋ ಮಲ್ಲಣ್ಣ?" ಎಂದೆ. "ಮುಗಿಲಿನ ಕಲ್ಲಿಗೇ ದಾರಿ ತಪ್ಪಿಸಿದ ಸುಳಿ ಇದು. ಇದರ ಬೆಲಿ ಕೊಡೋ ತಾಕತ್ತು ನನಗಿಲ್ಲ."

ಆ ಮಳೆಗಾಲ ಅವನ ಹೊಲವನ್ನು ಅದೇ ಜೋಡಿ ಬಿತ್ತಿತು. ನನ್ನ ಆ ಮಾತು ಮಾತ್ರ ನನಗಿಂತ ಮೊದಲೇ ಸಂತೆ ಸೇರಿತ್ತು. ಈಗ ಬೆನ್ನ ಸುಳಿ ತೋರಿಸಿ ಬೆಲೆ ಇಳಿಸಲು ಹೋದರೆ ರೈತರು ನಗುತ್ತ ಬೆರಳನ್ನು ಮುಗಿಲಿಗೆ ಎತ್ತುತ್ತಾರೆ. ನಾನೂ ತಲೆಯೆತ್ತಿ ನೋಡುತ್ತೇನೆ, ಅಷ್ಟರಲ್ಲಿ ಚೌಕಾಸಿ ಮರೆತುಹೋಗಿರುತ್ತದೆ. ದಲ್ಲಾಳಿಗೆ ಇದು ಶುದ್ಧ ನಷ್ಟ. ಆದರೂ ಸಲಹೆಯನ್ನು ತಿದ್ದಿಕೊಂಡಿದ್ದೇನೆ: ಮೊದಲು ಗೊರಸು ನೋಡಿ, ಆಮೇಲೆ ಒಮ್ಮೆ ಮುಗಿಲು ನೋಡಿ. ಸುಳಿಯನ್ನು ಎತ್ತಿಗೇ ಬಿಡಿ.