ಉಗುರಿನ ಗೀರು

ಅವರ ಹೆಬ್ಬೆರಳಿನ ಉಗುರು ಉದ್ದಕ್ಕೂ ಸೀಳಿತ್ತು. ಬಲಗೈಯದೋ ಎಡಗೈಯದೋ, ಈಗ ಖಾತ್ರಿಯಿಲ್ಲ. ನಾವು ಬರೆದ ಪ್ರೋಗ್ರಾಮನ್ನು ಕಾಗದಕ್ಕೆ ತೆಗೆಸಿ, ತಪ್ಪಿದ ಸಾಲಿನ ಕೆಳಗೆ ಆ ಉಗುರಿನಿಂದ ಗೀರುತ್ತಿದ್ದರು. ಪೆನ್ನು ಮುಟ್ಟುತ್ತಿರಲಿಲ್ಲ.

ಕಪನೂರಿನ ನಮ್ಮ ಸಣ್ಣ ಕಚೇರಿಗೆ ಅವರು ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನಮಗೆಲ್ಲ ಅವರು ‘ಸರ್’. ರಕ್ತಪರೀಕ್ಷೆಯ ಯಂತ್ರ ಕಳಿಸುವ ಉದ್ದುದ್ದ ಸಾಲುಗಳಿಂದ ರೋಗಿಯ ಹೆಸರು, ಫಲಿತಾಂಶ ಬಿಡಿಸಿ ತೆರೆಗೆ ತರುವುದು ನಮ್ಮ ಕೆಲಸ. ಬೇರೆಯವರು ಪ್ರತಿ ಹೆಸರನ್ನೂ ಕಂಪ್ಯೂಟರಿನ ನೆನಪಿನಲ್ಲಿ ಇನ್ನೊಂದು ಜಾಗಕ್ಕೆ ನಕಲು ಮಾಡಿಕೊಳ್ಳುತ್ತಾರೆ. ಸರ್ ಒಪ್ಪುತ್ತಿರಲಿಲ್ಲ.

“ನಕಲ್ ಯಾಕ? ಯಾವ ಅಕ್ಷರದಿಂದ ಯಾವ ಅಕ್ಷರದ ತನ ಅದ, ಅಷ್ಟ ಬರದಿಟ್ಕೋ. ಸಾಲು ಎಲ್ಲಿಗಿ ಓಡಿ ಹೋಗ್ತದ?”

ಅವರ ಭಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ಯಂತ್ರದಿಂದ ಸಾಲು ತಂದುಕೊಡುವ ಭಾಗ ನನ್ನದು, ಅದು ನಿಧಾನ.

“ಏನ್ ತಾಯಿ, ಎತ್ತಿನ ಬಂಡಿ ಹೊಡಿಲತ್ತಿ ಏನ್? ಎಂ.ಟೆಕ್ ಕೊಟ್ಟವ್ರು ಬಾರುಕೋಲೂ ಕೊಟ್ಟಾರೇನು?”

ಸರ್ ಮಾತಿಗೆ ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ನನ್ನ ಆಗಿನ ಡೈರಿಯಲ್ಲಿದೆ. ನಂಬುವುದಿಲ್ಲ.

ಆಸ್ಪತ್ರೆಯವರಿಗೆ ತೋರಿಸುವ ದಿನ ಬೆಳಿಗ್ಗೆ, ಯಾರಿಗೂ ಹೇಳದೆ ನನ್ನ ಭಾಗದಲ್ಲಿ ಪ್ರೋಗ್ರಾಮಿನ ಒಂದು ಸಾಲು ಬದಲಿಸಿದೆ. ಪ್ರತಿ ಸಲ ಹೊಸ ಜಾಗ ಕೇಳುವ ಬದಲು, ಯಂತ್ರದಿಂದ ಬಂದ ಹಳೆಯ ಸಾಲಿನ ಮೇಲೆಯೇ ಹೊಸದನ್ನು ತುಂಬಿದೆ. ವೇಗ ಬಂತು. ಆದರೆ ನಕಲು ಇಲ್ಲದ್ದರಿಂದ, ಒಬ್ಬರ ಹೆಸರು ತೋರಿಸಿ ಫಲಿತಾಂಶಕ್ಕೆ ಹೋಗುವಷ್ಟರಲ್ಲಿ, ಆ ಜಾಗದಲ್ಲಿ ಮುಂದಿನವರ ಸಾಲು ಕೂತಿರುತ್ತಿತ್ತು. ಮುದುಕರೊಬ್ಬರ ಹೆಸರಿನ ಮುಂದೆ ‘ಗರ್ಭಿಣಿ’ ಎಂದು ಮೂಡಿತು.

“ಅಜ್ಜಗ ಹೆರಿಗಿ ಯಾವಾಗ್ರೀ?” ಎಂದರು ಡಾಕ್ಟರು.

ನಮ್ಮ ಮಾಲೀಕರು ಸರ್ ಕಡೆ ತಿರುಗಿದರು. “ನಕಲ್ ಬ್ಯಾಡ, ನಕಲ್ ಬ್ಯಾಡ ಅಂತ ಕುಣದವ್ರು ನೀವೇ ಅಲ್ರೀ? ನಾಳಿಂದ ಬರಬ್ಯಾಡ್ರಿ.”

ಸರ್ ತಾವು ಬರೆದ ಭಾಗವನ್ನಷ್ಟೇ ಕಾಗದಕ್ಕೆ ತೆಗೆಸಿ, ಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಹೋದರು. ಸಾಲು ಬದಲಿಸಿದ್ದು ನಾನೆಂದು ಬಾಯಿ ಬಿಡಲಿಲ್ಲ. ಹೆದರಿದ್ದೆ ಎಂದು ಬರೆಯಬಹುದು. ಖುಷಿಯೂ ಇತ್ತು. ಸಂಜೆ ನನ್ನ ಸಾಲನ್ನು ಮೊದಲಿನಂತೆ ಮಾಡಿದೆ.

ಎರಡು ವರ್ಷದ ಮೇಲೆ, ಅವರು ತೀರಿಕೊಂಡ ಸುದ್ದಿ ಕೇಳಿ ಕಮಲಾಪುರಕ್ಕೆ ಹೋದೆ. ಅವರ ಹೆಂಡತಿ ಆ ಕಾಗದಗಳನ್ನು ತಂದು ನನ್ನ ಮುಂದಿಟ್ಟರು.

“ತಪ್ಪ ಎಲ್ಲಿ ಅದ ಅಂತ ಹಾಸಿಗಿ ಹಿಡದ್ ಮ್ಯಾಲೂ ಹುಡುಕ್ತಿದ್ರವ್ವಾ. ನೀ ಅವರ ಕೈಯಾಗ ಕಲತಾಕಿ. ನಿನಗರ ಸಿಗ್ತದೇನ ನೋಡು.”

ಪ್ರತಿ ಸಾಲಿನ ಕೆಳಗೂ ಉಗುರಿನ ಗೀರಿತ್ತು. ಕೆಲವೆಡೆ ಕಾಗದವೇ ಹರಿದಿತ್ತು. ನನ್ನ ಸಾಲು ಅದರಲ್ಲಿರಲಿಲ್ಲ. ಆದರೂ ಕೊನೆಯ ಹಾಳೆಯವರೆಗೆ ತಿರುವಿದೆ.

“ಸಿಗವಲ್ದ್ರೀ” ಎಂದೆ.