ನಲವತ್ತೆರಡನೇ ಕುರಿಯ ಮೂರು ಮರಿಗಳು

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ವಿಜ್ಞಾನದ ಪದವಿ ಮುಗಿಸಿ ಇಳಕಲ್ಲಿನ ಮನೆಯಲ್ಲಿ ಸುಮ್ಮನೆ ಕೂತಿದ್ದ ನನಗೆ ಬಾಗಲಕೋಟೆಯಿಂದ ಕೆಲಸದ ಕಾಗದ ಬಂತು. ಕುರಿಗಳ ಜಂತುಹುಳು ಮತ್ತು ಮರಿಗಳ ಬೆಳವಣಿಗೆಯ ಬಗ್ಗೆ ಸಂಶೋಧನೆ ನಡೆಸುವ ಒಂದು ಯೋಜನೆಗೆ ಸಹಾಯಕ ಬೇಕಾಗಿತ್ತು. ಸಂಶೋಧನೆ ಎಂದರೆ ಬಿಳಿ ಕೋಟು, ಗಾಜಿನ ಬಾಟಲಿ ಎಂದುಕೊಂಡು ಹೋದೆ. ಯೋಜನೆಯ ಮುಖ್ಯಸ್ಥರು ಮೈಸೂರು ಕಡೆಯ ಪಶುವೈದ್ಯರು; ಎಲ್ಲರೂ ಅವರನ್ನು ಡಾಕ್ಟರು ಎನ್ನುತ್ತಿದ್ದರು. ಮೊದಲ ದಿನವೇ ಅವರು ಒಂದು ಕುರಿಯ ಬಾಲ ಎತ್ತಿ, ಒಳಗಿಂದ ಹಿಕ್ಕಿ ತೆಗೆಯುವುದು ಹೇಗೆ ಎಂದು ತಮ್ಮ ಬೆರಳಿನಿಂದಲೇ ತೋರಿಸಿಕೊಟ್ಟರು. "ನೆಲದ ಮೇಲೆ ಬಿದ್ದದ್ದು ಬೇಡ. ಯಾವ ಕುರಿಯದೆಂದು ಗೊತ್ತಾಗುವುದಿಲ್ಲ" ಎಂದರು.

ನಮ್ಮದು ನೇಕಾರರ ಮನೆ. ಮಗ್ಗದ ಸಪ್ಪಳದಲ್ಲಿ ಬೆಳೆದವನು ನಾನು. ಕುರಿಯನ್ನು ಹತ್ತಿರದಿಂದ ಮುಟ್ಟಿ ನೋಡಿದ್ದೂ ಇರಲಿಲ್ಲ. ಮೊದಲ ವಾರ ಮನೆಗೆ ಬಂದಾಗ ಅವ್ವ ಕೇಳಿದಳು: "ಅಲ್ಲೇನ ಮಾಡ್ತೀಯೋ ದಿನಾ?"

"ಹುಳದ ತತ್ತಿ ಎಣಸ್ತೇನಿ."

"ತತ್ತಿ ಎಲ್ಲಿರ್ತಾವು?"

"ಕುರಿ ಹಿಕ್ಕಿಯೊಳಗ."

ಅವ್ವ ಸ್ವಲ್ಪ ಹೊತ್ತು ನನ್ನ ಕೈಗಳನ್ನೇ ನೋಡಿದಳು. "ಮೊದಲ ಜಳಕಾ ಮಾಡಿ ಬಾ, ಆಮ್ಯಾಲೆ ಮಾತಾಡೂಣು" ಎಂದಳು.

ಕೆಲಸ ಹೇಳಲಿಕ್ಕೆ ಸರಳ. ಕುರಿಯ ಹೊಟ್ಟೆಯಲ್ಲಿ ರಕ್ತ ಹೀರುವ ಹುಳುಗಳು ಸೇರಿಕೊಳ್ಳುತ್ತವೆ. ಅವುಗಳ ಮೊಟ್ಟೆ ಹಿಕ್ಕಿಯ ಜೊತೆ ಹೊರಗೆ ಬರುತ್ತದೆ. ಹಿಕ್ಕಿಯನ್ನು ಅರೆದು ಗಟ್ಟಿ ಉಪ್ಪುನೀರಿನಲ್ಲಿ ಕದಡಿಟ್ಟರೆ ಮೊಟ್ಟೆಗಳು ಮೇಲಕ್ಕೆ ತೇಲುತ್ತವೆ. ಆ ನೀರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸಬೇಕು. ತಿಂಗಳಿಗೊಮ್ಮೆ ಮರಿಗಳನ್ನು ತೂಗಬೇಕು. ಹುಳುವಿಗೆ ಜಗ್ಗದೆ ಚೆನ್ನಾಗಿ ಬೆಳೆಯುವ ಮರಿಗಳು ಯಾವ ತಾಯಿಯವು, ಆ ಗುಣ ರಕ್ತದಲ್ಲಿ ಇಳಿದು ಬರುತ್ತದೆಯೇ ಎನ್ನುವುದು ಡಾಕ್ಟರ ಪ್ರಶ್ನೆ. ಹಾಗಾಗಿ ಔಷಧ ಕುಡಿಸುವಂತಿರಲಿಲ್ಲ. ತೀರಾ ಸೊರಗಿದ ಮರಿಗೆ ಮಾತ್ರ ಕುಡಿಸಿ, ಅದನ್ನು ಪಟ್ಟಿಯಿಂದ ತೆಗೆಯುತ್ತಿದ್ದೆವು.

ನನ್ನ ಪಾಲಿಗೆ ಬಂದದ್ದು ಹುನಗುಂದ ತಾಲೂಕಿನ ಒಂದು ಹಳ್ಳಿಯ ಹಟ್ಟಿ. ಬೀರಪ್ಪ ದೇವರಿಗೆ ನಡೆದುಕೊಳ್ಳುವ ಕುರುಬರ ಮನೆ. ಮನೆಯ ಯಜಮಾನ ಬೆಳಗಾಗುವುದರೊಳಗೆ ಕುರಿ ಹೊಡೆದುಕೊಂಡು ಅಡವಿಗೆ ಹೋಗುತ್ತಿದ್ದ. ಹಟ್ಟಿಯಲ್ಲಿ ಉಳಿದ ಮರಿಗಳ ಜವಾಬ್ದಾರಿಯೆಲ್ಲ ಅವನ ಹೆಂಡತಿಯದು. ಅರವತ್ತು ದಾಟಿದ, ನೆಟ್ಟಗೆ ನಡೆಯುವ ಹೆಂಗಸು. ನಾನು ಆಕೆಯನ್ನು ಆಯಿ ಎನ್ನುತ್ತಿದ್ದೆ. ಮರಿಗಳಿಗೆ ಏನಾಗಿದೆ ಎಂದು ಗಂಡನನ್ನು ಕೇಳಿದರೆ, "ನನಗ ಕೇಳಬ್ಯಾಡ್ರಿ, ಆಕಿಗೆ ಕೇಳ್ರಿ" ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಹೋಗಿಬಿಡುತ್ತಿದ್ದ.

ಎಲ್ಲ ಕುರಿಗಳ ಕಿವಿಗೂ ತಗಡಿನ ನಂಬರು ಹಾಕಿದ್ದೆವು. ಈಯುವ ಕಾಲದಲ್ಲಿ ನಾನು ಹಟ್ಟಿಗೆ ಹೋಗಿ ಹೊಸ ಮರಿಗೊಂದು ನಂಬರು ಕೊಡುತ್ತಿದ್ದೆ. ಅದರ ತಾಯಿ ಯಾವುದೆಂದು ತಿಳಿಯಲು ನಾನೇ ಒಂದು ದಾರಿ ಕಂಡುಕೊಂಡೆ. ಬೆಳಗ್ಗೆ ಮರಿಗಳನ್ನು ಹಾಲಿಗೆ ಬಿಡುವಾಗ ಯಾವುದು ಯಾವ ಕುರಿಯ ಕೆಳಗೆ ನುಗ್ಗುತ್ತದೆ ಎಂದು ನಿಂತು ನೋಡಿ ಬರೆದುಕೊಳ್ಳುವುದು. ಅನುಮಾನ ಬಂದರೆ ಆಯಿಯನ್ನು ಕೇಳುತ್ತಿದ್ದೆ: "ಆಯೀ, ಇದು ಯಾವುದರ ಹಾಲು ಕುಡೀತೈತಿ?" ಆಕೆ ಬೆರಳು ಮಾಡಿ ತೋರಿಸುತ್ತಿದ್ದಳು. ಈ ಪದ್ಧತಿಯ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಎರಡು ವರ್ಷ ಹೀಗೇ ನಡೆಯಿತು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಿಕ್ಕಿಯ ಪೊಟ್ಟಣಗಳನ್ನು ಅಲ್ಯುಮಿನಿಯಂ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಾಗಲಕೋಟೆಗೆ ಬರುತ್ತಿದ್ದೆ. ಬಸ್ಸು ತಡವಾದರೆ ಬಿಸಿಲಿಗೆ ಮೊಟ್ಟೆಗಳು ಒಡೆದು ಮರಿಹುಳುವಾಗಿ ಲೆಕ್ಕ ಕೆಡುತ್ತಿತ್ತು. ಕೊನೆಗೆ ಡಾಕ್ಟರು ಎಲ್ಲವನ್ನೂ ದೊಡ್ಡ ಹಾಳೆಯ ಮೇಲೆ ಬರೆಸಿದರು. ನೋಡುತ್ತಿದ್ದಂತೆ ಅವರ ಮುಖ ಅರಳಿತು.

"ನಲವತ್ತೆರಡನೇ ಕುರಿ ನೋಡಿ. ಮೂರು ಸಲ ಈದಿದೆ, ಮೂರೂ ಮರಿಗಳು ದಷ್ಟಪುಷ್ಟ. ಎರಡರಲ್ಲಿ ಮೊಟ್ಟೆ ಇಲ್ಲವೆನ್ನುವಷ್ಟು ಕಡಿಮೆ. ನಮಗೆ ಬೇಕಾದದ್ದು ಸಿಕ್ಕಿತು!"

ವರದಿ ಹೋಯಿತು. ನಲವತ್ತೆರಡರ ಮೊದಲ ಮರಿ ಅಷ್ಟರಲ್ಲಿ ಒಳ್ಳೆಯ ಟಗರಾಗಿ ಬೆಳೆದಿತ್ತು. ಅದನ್ನು ಕೊಂಡು, ಬಾದಾಮಿಯ ಹತ್ತಿರ ಚೊಳಚಗುಡ್ಡದ ಕಡೆ ಯೋಜನೆಗೆ ಸೇರಿದ್ದ ಇನ್ನೊಂದು ಹಿಂಡಿಗೆ ಬಿಟ್ಟರು. ಅದರ ಮರಿಗಳೂ ಹುಳುವಿಗೆ ಜಗ್ಗದಿದ್ದರೆ ಡಾಕ್ಟರ ಮಾತು ಸಾಬೀತಾದಂತೆ.

ಎಲ್ಲರೂ ಖುಷಿಯಾಗಿದ್ದರು, ನಾನೂ. ಆದರೆ ಆ ಹಾಳೆಯಲ್ಲಿ ಎರಡು ಮರಿಗಳು ನನಗೆ ಗಂಟುಬಿದ್ದವು. ಒಂದು, ನಲವತ್ತೆರಡರದೇ ಎರಡನೇ ಮರಿ. ಹೊಟ್ಟೆ ತುಂಬ ಹುಳು, ಆದರೂ ಗುಂಡಗೆ ಬೆಳೆದಿತ್ತು. ಇನ್ನೊಂದು, ಕಿವಿ ಹರಿದ ಬಡಕಲು ಕುರಿಯ ಮರಿ. ಅದರದು ಎಲುಬು ಎಣಿಸುವಂತಹ ಮೈ, ಹಿಕ್ಕಿಯಲ್ಲಿ ಮಾತ್ರ ಹುಡುಕಿದರೂ ಮೊಟ್ಟೆ ಇಲ್ಲ. ಹುಳು ಇದ್ದದ್ದು ಕೊಬ್ಬಿದೆ, ಇಲ್ಲದ್ದು ಸೊರಗಿದೆ. ಇದು ಯಾವ ನ್ಯಾಯ? ಮತ್ತೆ ಹಿಕ್ಕಿ ತಂದು ಮೂರು ಸಲ ಎಣಿಸಿದೆ. ಅದೇ ಉತ್ತರ. ಡಾಕ್ಟರಿಗೆ ತೋರಿಸಿದರೆ, "ಪೊಟ್ಟಣ ಅದಲುಬದಲಾಗಿರಬೇಕು, ನೋಡಿ" ಎಂದರು. ನನಗೂ ಹಾಗೇ ಅನ್ನಿಸತೊಡಗಿತು. ನಡುವೆ ಒಂದು ದಿನ ನನ್ನ ಕಣ್ಣಿನ ಮೇಲೇ ಸಂಶಯ ಬಂದು, ಅದುವರೆಗೆ ಎಣಿಸಿದ್ದು ಮೊಟ್ಟೆಗಳೋ ಗಾಳಿಯ ಗುಳ್ಳೆಗಳೋ ಎಂದು ಚಡಪಡಿಸಿದೆ.

ಮುಂದಿನ ತಿಂಗಳು ಹಟ್ಟಿಗೆ ಹೋದಾಗ ಆ ಎರಡೂ ಮರಿಗಳನ್ನು ಹಿಡಿದು ಆಯಿಯ ಮುಂದೆ ನಿಲ್ಲಿಸಿ, ನನ್ನ ಎಣಿಕೆ ಹೇಳಿದೆ. ಆಕೆ ಒಂದೊಂದರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಗುಂಡಗಿದ್ದ ಮರಿಯ ರೆಪ್ಪೆ ರಕ್ತವಿಲ್ಲದೆ ಬಿಳಿಚಿತ್ತು, ಬಡಕಲದ್ದು ಕೆಂಪಗಿತ್ತು.

"ಖರೆ ಐತಿ ತಮ್ಮಾ. ಇದಕ್ಕ ಜಂತು ಅದಾವು, ಅದಕ್ಕ ಇಲ್ಲ. ನಿನ್ನ ಕಣ್ಣು ಚಲೋ ಅದಾವು."

"ಹಂಗಾರ ಇದು ಹೆಂಗ ಬೆಳೀತು?"

"ಹಾಲಿಗೆ ಬೆಳೀತು. ಆ ಕುರಿಗೆ ಹಾಲು ಭಾಳ. ಅದಕ್ಕs ಯಾವ ಮರಿ ಬಿಟ್ರೂ ಗುಂಡಗಾಗ್ತೈತಿ."

"ಯಾವ ಮರಿ ಬಿಟ್ರೂ ಅಂದ್ರ?"

ಆಯಿ ನನ್ನ ಮುಖ ನೋಡಿ ನಕ್ಕಳು. "ಅದು ಮೂರು ಸಲ ಈದು, ಒಂದs ಮರಿ ಉಳಿಸೇತಿ. ನಿನ್ನ ಕೈಯಾಗ ಐತೆಲ್ಲ, ಇದs ಅದು. ಹಿಂದಿಂದು ಮುಂದಿಂದು ಎರಡೂ ಹುಟ್ಟಿದ ದಿನಾನs ಸತ್ತೂವು. ಆ ಹರಕ ಕಿವಿದಕ್ಕ ಹಾಲು ಸಾಲೂದಿಲ್ಲ. ಎರಡೂ ಸಲ ಅದರ ಮರಿ ತಂದು ಈ ಕುರಿಗೆ ಹಚ್ಚಿದೆ. ಮರಿ ಮೈಗೆ ಉಪ್ಪಿನ ನೀರು ಹೊಡದು ಬಿಟ್ರ ಕುರಿ ನೆಕ್ಕಿ ನೆಕ್ಕಿ ತಂದs ಮರಿ ಅಂತ ತಿಳಕೊಂತೈತಿ."

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಡಾಕ್ಟರು ಕೊಂಡೊಯ್ದ ಟಗರು ನಲವತ್ತೆರಡು ಹೆತ್ತದ್ದೇ ಅಲ್ಲ. ಹರಕು ಕಿವಿಯ ಬಡಕಲು ಕುರಿಯ ನಂಬರಿನ ಮುಂದೆ, ಹಾಲು ಕುಡಿಯುವ ಮರಿ ಕಾಣದೆ, ನಾನು ಎರಡು ಸಲ 'ಮರಿ ಸತ್ತಿದೆ' ಎಂದು ಬರೆದಿದ್ದೆ.

"ಆಯೀ, ಇದನ್ನ ಮೊದಲs ಯಾಕ ಹೇಳಲಿಲ್ಲ?"

"ನೀ ಕೇಳಿದ್ದು ಯಾವುದರ ಹಾಲು ಕುಡೀತೈತಿ ಅಂತ. ಹಡದದ್ದು ಯಾವುದಂತ ಒಂದಿನಾನೂ ಕೇಳಲಿಲ್ಲ."

ಅದು ನಿಜ. ಸಿಟ್ಟು ಮಾಡಿಕೊಳ್ಳಲು ನನ್ನನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ. ಆ ದಿನವಿಡೀ ಆಯಿಯನ್ನು ಕೂರಿಸಿಕೊಂಡು ಒಂದೊಂದು ಮರಿಯ ಹೆತ್ತ ತಾಯಿಯನ್ನು ಬರೆದುಕೊಂಡೆ. ಎಷ್ಟೋ ಮರಿಗಳು ಅತ್ತಿತ್ತ ಆದವು. ತಂದೆ ಯಾವ ಟಗರೆಂದು ಕೇಳಿದ್ದಕ್ಕೆ, "ಅದನ್ನ ಟಗರಿಗೇ ಕೇಳು" ಎಂದು ಎದ್ದು ಹೋದಳು. ಆಕೆಯ ನೆನಪನ್ನು ನಂಬಬಹುದೇ ಎಂಬ ಹೊಸ ಗೊಂದಲ ಶುರುವಾಯಿತು. ಎರಡು ವಾರ ಬಿಟ್ಟು ಹೋಗಿ, ಸಾಲು ಬದಲಿಸಿ ಎಲ್ಲವನ್ನೂ ಮತ್ತೆ ಕೇಳಿದೆ. ಒಂದು ಬಿಟ್ಟು ಉಳಿದೆಲ್ಲ ಹಾಗೇ ಹೇಳಿದಳು. ಆ ಒಂದರ ಬಗ್ಗೆ, "ಅವತ್ತು ಮಗಳ ಮನಿಗೆ ಹೋಗಿದ್ದೆ. ಹ್ವಾದ ಸಲ ಅಂದಾಜಿಲೆ ಹೇಳಿದ್ದೆ" ಎಂದಳು.

ಹೊಸ ಪಟ್ಟಿಯಲ್ಲಿ ಮರಿಯ ತೂಕ ಹಾಲು ಕೊಟ್ಟ ತಾಯಿಯ ಜೊತೆ, ಹುಳುವಿನ ಲೆಕ್ಕ ಹೆತ್ತ ತಾಯಿಯ ಜೊತೆ ಹೋಗುತ್ತಿರುವಂತೆ ಕಂಡಿತು. ಆದರೆ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಒಂದು ಮರಿ ಅಡ್ಡ ಬರುತ್ತಿತ್ತು. ಹಾಗೆ ಕಾಣಲಿ ಎಂದು ಬಯಸಿದ್ದಕ್ಕೇ ಹಾಗೆ ಕಾಣುತ್ತಿದೆಯೋ ಏನೋ, ಹೇಳಲಾರದೆ ಹೋದೆ.

ಡಾಕ್ಟರಿಗೆ ಹೇಳುವುದು ಅದಕ್ಕಿಂತ ಕಷ್ಟವಾಗಿತ್ತು. ಅವರು ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ ನೋಡಿದರು.

"ಇದಕ್ಕೆ ಆಧಾರ ಏನು?"

"ಆಯಿ ಹೇಳಿದ್ದು, ಸರ್."

"ಒಬ್ಬ ಮುದುಕಿಯ ನೆನಪಿನ ಮೇಲೆ ಎರಡು ವರ್ಷದ ಕೆಲಸ ತಿದ್ದಬೇಕೇ?"

ಮರುದಿನ ಬೆಳಗ್ಗೆ ಅವರೇ, "ನಡೆಯಿರಿ, ಹೋಗೋಣ" ಎಂದು ಜೀಪು ಹತ್ತಿದರು.

ಹಟ್ಟಿಯಲ್ಲಿ ಅವರು ಆಯಿಯನ್ನು ಏನೂ ಕೇಳಲಿಲ್ಲ. ಮೂರು ಮರಿಗಳನ್ನು ಹಿಡಿಸಿ, ಯಾವುದಕ್ಕೆ ಹುಳು ಇದೆ, ಯಾವುದಕ್ಕೆ ಇಲ್ಲ ಎಂದು ಮಾತ್ರ ಹೇಳಿಸಿದರು. ಆಯಿ ರೆಪ್ಪೆ ಎಳೆದು ನೋಡಿ ಹೇಳಿದಳು. ಡಾಕ್ಟರು ತಮ್ಮ ಕೈಯಿಂದಲೇ ಹಿಕ್ಕಿ ತೆಗೆದು, ಬಾಗಲಕೋಟೆಗೆ ತಂದು, ನನ್ನನ್ನು ಹತ್ತಿರ ಬಿಡದೆ ತಾವೇ ಎಣಿಸಿದರು. ಎರಡು ಸರಿಯಾಗಿದ್ದವು. ಒಂದು ತಪ್ಪಿತ್ತು.

"ಎರಡು ಸರಿ" ಎಂದರು. ಅದು ಸಾಕೋ ಸಾಲದೋ, ಅವರ ದನಿಯಿಂದ ತಿಳಿಯಲಿಲ್ಲ. ಆದರೆ ಅದೇ ವಾರ ಮೇಲಿನವರಿಗೆ ಕಾಗದ ಬರೆದರು: ನಮ್ಮ ಪಟ್ಟಿಯಲ್ಲಿ ತಾಯಿ ಎಂದು ಬರೆದದ್ದು ಹಾಲು ಕೊಟ್ಟ ಕುರಿ, ಹೆತ್ತ ಕುರಿ ಬೇರೆ ಇರಬಹುದು, ಹಿಂದಿನ ವರದಿಯನ್ನು ತಡೆಹಿಡಿಯಬೇಕು. ತಪ್ಪು ಸಹಾಯಕನದೆಂದು ಬರೆಯಬಹುದಿತ್ತು. ಬರೆಯಲಿಲ್ಲ. ಕೆಳಗೆ ತಮ್ಮ ಸಹಿ ಮಾತ್ರ ಹಾಕಿದರು. ಧನ್ಯವಾದ ಹೇಳಬೇಕೋ ಕ್ಷಮೆ ಕೇಳಬೇಕೋ ಗೊತ್ತಾಗದೆ, ಲಕೋಟೆಗೆ ಅಂಟು ಹಚ್ಚಿ ಕೊಟ್ಟೆ.

ಇನ್ನು ಚೊಳಚಗುಡ್ಡದ ಟಗರು. ಅಷ್ಟರಲ್ಲಿ ಅಲ್ಲಿನ ಕುರಿಗಳು ಅದರಿಂದ ಗಬ್ಬವಾಗಿಬಿಟ್ಟಿದ್ದವು. ಮರಿಗಳು ಹುಟ್ಟಿ ದೊಡ್ಡವಾದ ಮೇಲೆ ನಾನು ಬಾದಾಮಿಯಲ್ಲಿ ಬಸ್ಸಿಳಿದು ಹೋಗಿ, ಎಲ್ಲವನ್ನೂ ತೂಗಿ, ಹಿಕ್ಕಿ ತಂದು ಎಣಿಸಿದೆ. ಈ ಸಲ ಪ್ರತಿ ಮರಿಗೂ ಹೆತ್ತದ್ದು ಯಾವುದು, ಹಾಲು ಕೊಟ್ಟದ್ದು ಯಾವುದು ಎಂದು ಬೇರೆ ಬೇರೆ ಕೇಳಿದ್ದೆ. ಆ ಹಟ್ಟಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ನಾವು ತಪ್ಪು ಕಾರಣಕ್ಕೆ ಆರಿಸಿದ ಟಗರು, ಹರಕು ಕಿವಿಯ ರಕ್ತದಿಂದ ಒಳ್ಳೆಯದೇ ಆಗಿರಬಹುದು ಎಂದು ಒಳಗೊಳಗೇ ಆಸೆಯಿತ್ತು. ಕೆಲವು ಮರಿಗಳಲ್ಲಿ ಮೊಟ್ಟೆ ತೀರ ಕಡಿಮೆ. ಕೆಲವುಗಳಲ್ಲಿ ವಿಪರೀತ. ನಡುವಿನವೂ ಇದ್ದವು.

ಹಾಳೆಯನ್ನು ಡಾಕ್ಟರ ಮುಂದಿಟ್ಟೆ. ಅವರು ಮೊದಲ ಸಲ ನನ್ನನ್ನು ಕೇಳಿದರು: "ನಿಮಗೇನನ್ನಿಸುತ್ತದೆ?"

"ಗೊತ್ತಾಗುತ್ತಿಲ್ಲ, ಸರ್."

"ನನಗೂ" ಎಂದರು. ಬೇಸರದಿಂದ ಹೇಳಿದ ಹಾಗಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಆ ಯೋಜನೆ ಮುಗಿಯಿತು. ಡಾಕ್ಟರು ಊರಿನ ಕಡೆ ವರ್ಗ ಮಾಡಿಸಿಕೊಂಡು ಹೋದರು. ನಾನು ಹುನಗುಂದದಲ್ಲಿ ಹೈಸ್ಕೂಲು ಮಾಸ್ತರನಾದೆ. ಆಯಿಯ ಹಟ್ಟಿ ಅಲ್ಲಿಂದ ದೂರವಿರಲಿಲ್ಲ; ಒಂದು ರವಿವಾರ ನೋಡಿ ಬರಲು ಹೋದೆ. ನಲವತ್ತೆರಡು ಇರಲಿಲ್ಲ. ಹರಕು ಕಿವಿಯ ಕುರಿ ಇನ್ನೂ ಬಡಕಲಾಗಿಯೇ ಮೇಯುತ್ತಿತ್ತು. ಅದರ ಪಕ್ಕದಲ್ಲಿ ಒಂದು ಮರಿ ನಿಂತಿತ್ತು.

"ಇದು ಅದರದs ಏನು ಆಯೀ?"

"ಯಾವ ಲೆಕ್ಕದಾಗ ಕೇಳ್ತಿ, ಅದನ್ನ ಮೊದಲ ಹೇಳು" ಎಂದು ಆಯಿ ಚಹಾ ಕಾಸಲು ಒಳಗೆ ಹೋದಳು.