ಮಾಸ್ತರು ನುಂಗಿಕೊಂಡ ಮಾತು

ಮೊನ್ನೆ ಅವ್ವ ಮಸಾಲೆ ಕುಟ್ಟಲೆಂದು ಲವಂಗದ ಡಬ್ಬಿ ತೆರೆದಳು. ಅಡುಗೆಮನೆಯೆಲ್ಲ ಘಮ್ಮೆಂದಿತು. ನಾನು ಚಹಾದ ಕಪ್ಪು ಕೆಳಗಿಟ್ಟೆ. ಬೆಟಗೇರಿಯ ನಮ್ಮ ಓಣಿಯ ಕೊನೆಯ ಮನೆಯ ಮಾಸ್ತರು ನೆನಪಾದರು…

ಅವರು ಶಿರಹಟ್ಟಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಮಾಸ್ತರಿಗೆ ಬೆಳ್ಳಿಯೇ ಸಾಕಾಗಿತ್ತು. ಹಾಲು ತರಲು ಹೋದರೆ ದಾರಿಯ ಕಟ್ಟೆಗಳ ಮೇಲೆಲ್ಲ ಕೂತು ಪದ್ಯ ವಿವರಿಸಿಯೇ ಬರುತ್ತಿದ್ದರು. ಅಷ್ಟರಲ್ಲಿ ಮನೆಯಲ್ಲಿ ಒಲೆಯ ಮೇಲಿನ ಚಹಾದ ನೀರು ಇಂಗಿಹೋಗಿರುತ್ತಿತ್ತು.

ಹತ್ತನೆಯ ತರಗತಿ ಮುಗಿದ ಮೇಲೆ ನನಗೆ ಪುಣೆ ಕಡೆಯ ಒಂದು ವಸತಿ ಶಾಲೆಯಲ್ಲಿ ಶಿಷ್ಯವೇತನ ಸಿಕ್ಕಿತು. ಅಲ್ಲಿ ಪಿಯುಸಿಯ ಬದಲು ಎರಡು ವರ್ಷದ ಅಂತರರಾಷ್ಟ್ರೀಯ ಡಿಪ್ಲೊಮಾ. ನಮ್ಮ ಭಾಷೆಯ ಸಾಹಿತ್ಯವೂ ಅದರಲ್ಲೊಂದು ವಿಷಯ. ಕನ್ನಡ ಕಲಿಸುವವರು ಅಲ್ಲಿ ಇರಲಿಲ್ಲ, ಹಾಗಾಗಿ ನಾನೇ ಓದಿಕೊಂಡು, ಕೊನೆಗೆ ಒಂದು ಕವಿತೆಯ ಬಗ್ಗೆ ಮಾತಾಡಬೇಕಿತ್ತು. ಅದನ್ನು ರೆಕಾರ್ಡ್ ಮಾಡಿ ಹೊರದೇಶದ ಪರೀಕ್ಷಕರಿಗೆ ಕಳಿಸುತ್ತಿದ್ದರು. ಬೇಸಿಗೆ ರಜೆಗೆ ಊರಿಗೆ ಬಂದಾಗ ಅಪ್ಪ ಮಗ್ಗದಿಂದ ಎದ್ದವನೇ ನನ್ನನ್ನು ಮಾಸ್ತರ ಮನೆಗೆ ಕರೆದುಕೊಂಡು ಹೋದ.

ಕವಿತೆ ಚಿಕ್ಕದು. ಮದುವೆಯಾದ ಮಗಳೊಬ್ಬಳು ತವರಿನ ಬಾಗಿಲವರೆಗೆ ಬಂದು, ಕದ ಬಡಿಯದೆ ತಿರುಗಿ ಹೋಗುತ್ತಾಳೆ. ಮಾಸ್ತರು ಉತ್ಸಾಹದಿಂದ ಟಿಪ್ಪಣಿ ಬರೆಸಿದರು. ಹೆಣ್ಣಿನ ಸಹನೆಯೇ ಇಲ್ಲಿ ಕವಿಯ ಆಶಯ ಎಂದು ಮುಗಿಸಿದರು. ನಾನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದೆ. ತಯಾರಿ ಹೇಗಿದೆಯೆಂದು ಶಾಲೆಯಿಂದ ಫೋನು ಬಂದಾಗ, ನಮ್ಮ ಮಾಸ್ತರ ಟಿಪ್ಪಣಿ ಪೂರ್ತಿ ಬಾಯಿಗೆ ಬರುತ್ತದೆ ಎಂದು ಹೆಮ್ಮೆಯಿಂದ ಹೇಳಿದೆ. ಆ ಕಡೆಯವರು ಗಾಬರಿಯಾದರು. ಬೇರೆಯವರ ವಿಚಾರವನ್ನು ನಿನ್ನದೆಂದು ಹೇಳಿದರೆ ಅದು ಕಳವು, ಡಿಪ್ಲೊಮಾವೇ ಕೈತಪ್ಪೀತು ಎಂದು ಎಚ್ಚರಿಸಿದರು.

ನಮ್ಮಲ್ಲಿ ಮಾಸ್ತರ ಮಾತನ್ನು ಹಾಗೇ ಒಪ್ಪಿಸುವುದೇ ಜಾಣತನ. ಆದರೂ ಶಾಲೆಯವರು ಹೇಳಿದ್ದನ್ನೆಲ್ಲ ಮಾಸ್ತರಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು.

"ನಾನ ಕೈಯಾರೆ ಕೊಟ್ಟಿದ್ದು ಕಳವು ಹೆಂಗ ಆತವಾ?" ಎಂದರು.

ಮರುದಿನದಿಂದ ಅವರು ದವಡೆಯಲ್ಲೊಂದು ಲವಂಗ ಇಟ್ಟುಕೊಂಡು ಕೂರತೊಡಗಿದರು, ಬಾಯಿ ತಪ್ಪಿ ಮಾತು ಬಂದುಬಿಟ್ಟೀತೆಂದು. ನಿನಗ ಏನ ಅನಸ್ತೈತಿ ಎಂದಷ್ಟೇ ಕೇಳುತ್ತಿದ್ದರು. ನಾನು ತಡವರಿಸುತ್ತಿದ್ದೆ. ಮಾತಾಡದೆ ಕೂರುವುದು ಅವರಿಗೆ ಎಂಥ ಶಿಕ್ಷೆಯಾಗಿತ್ತೋ, ನೋಡಿದರೆ ನಗುವೂ ಬರುತ್ತಿತ್ತು, ಪಾಪವೂ ಅನ್ನಿಸುತ್ತಿತ್ತು.

ಒಂದು ದಿನ, ಆಕೆಗಿದ್ದದ್ದು ಸಹನೆಯಲ್ಲ, ಸಿಟ್ಟು ಎಂದುಬಿಟ್ಟೆ. ಮಾಸ್ತರ ಕಣ್ಣು ತುಂಬಿ ಬಂತು. ನೀರು ಕುಡಿದು ಬರುತ್ತೇನೆಂದು ಒಳಗೆ ಹೋದವರು ಎಷ್ಟೋ ಹೊತ್ತು ಹೊರಗೆ ಬರಲಿಲ್ಲ. ನಿನಗೇನು ಅನ್ನಿಸುತ್ತದೆ ಎಂದು ಅವರನ್ನು ಯಾರೂ ಕೇಳಿರಲಿಕ್ಕಿಲ್ಲ, ಆ ಟಿಪ್ಪಣಿ ಅವರ ಸ್ವಂತದ್ದೂ ಅಲ್ಲ, ಅವರಿಗೆ ಅವರ ಮಾಸ್ತರು ಬರೆಸಿದ್ದಿರಬೇಕು ಎಂದು ಆಗ ಹೊಳೆಯಿತು. ಬಂದ ಮೇಲೆ, ನಿಮಗ ಏನ ಅನಸ್ತೈತ್ರಿ ಸರ ಎಂದು ಕೇಳಿದೆ.

"ಈಗ ಬ್ಯಾಡವಾ. ಪರೀಕ್ಷಿ ಮುಗಿಸ್ಕೊಂಡು ಬಾ, ಹೇಳತೇನಿ. ಆವಾಗ ಅದು ಕಳವು ಆಗಂಗಿಲ್ಲ."

ಪರೀಕ್ಷೆಯಲ್ಲಿ ಆ ಸಿಟ್ಟಿನ ಬಗ್ಗೆಯೇ ಮಾತಾಡಿದೆ. ಮಾತು ತಡೆಯಿಲ್ಲದೆ ಬಂತು. ಹೊರಗೆ ಬಂದವಳೇ ಅಪ್ಪನಿಗೆ ಫೋನು ಹಚ್ಚಿ, ಮಾಸ್ತರಿಗೆ ಕೊಡು ಎಂದೆ. ಆಗ ಅಪ್ಪ ವಿಷಯ ಹೇಳಿದ. ಎದೆನೋವು ಬಂದು ಅವರು ತೀರಿಹೋಗಿ ವಾರವಾಗಿತ್ತಂತೆ. ನನ್ನ ಪರೀಕ್ಷೆ ಕೆಡಬಾರದೆಂದು ಮನೆಯವರು ಹೇಳಿರಲಿಲ್ಲ.

ಡಿಪ್ಲೊಮಾ ಬಂತು, ಕನ್ನಡದಲ್ಲಿ ಒಳ್ಳೆಯ ಅಂಕವೂ ಬಂತು. ಊರಿಗೆ ಬಂದು ಅವರ ಹೆಂಡತಿಯನ್ನು ಕೇಳಿದೆ. ಆ ಕವಿತೆಯ ಬಗ್ಗೆ ಮನೆಯಲ್ಲಿ ಅವರು ಏನನ್ನೂ ಹೇಳಿರಲಿಲ್ಲ.

ಈ ವಾರ ಅದನ್ನು ಮತ್ತೆ ಓದಿದೆ. ಆಕೆ ಯಾಕೆ ಕದ ಬಡಿಯಲಿಲ್ಲ ಎಂಬುದಕ್ಕೆ ನನ್ನ ಬಳಿ ನನ್ನದೇ ಉತ್ತರವಿದೆ. ಮಾಸ್ತರ ಉತ್ತರ ಏನಿತ್ತೋ, ಇನ್ನು ಯಾರನ್ನು ಕೇಳಲಿ? ಜನ್ಮವಿಡೀ ಬೇರೆಯವರ ಮಾತು ಹೇಳಿದ ಮನುಷ್ಯ, ತನ್ನದೆನ್ನುವ ಒಂದೇ ಒಂದು ಮಾತನ್ನು ನನ್ನ ಸಲುವಾಗಿ ಹೇಳದೆ ಹೋದರು.